ಕಾವಲಿಗೊಂದು ಕಣ್ಗಾವಲು

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ಪಂಪನಿಂದ ಮೊದಲುಮಾಡಿ ಬೇಂದ್ರೆಯವರವರೆಗೆ ಬಂದು, ಏಕೀಕರಣಕ್ಕಾಗಿ ದುಡಿದ ಹಿರಿಯರಿಗೆ ಕೈಮುಗಿದು, ಮಕ್ಕಳಿಗೆ ಮನೆಯಲ್ಲಿ ಕನ್ನಡ ಕಲಿಸಿರೆಂದು ಹೇಳಿ ಕುಳಿತುಕೊಳ್ಳುವುದು ವಾಡಿಕೆ. ಆ ಮಾತುಗಳಲ್ಲಿ ನಮಗೂ ಪ್ರೀತಿಯಿದೆ. ಆದರೆ ಈ ಸಲ ಕಾರ್ಯದರ್ಶಿಗಳು ನಮ್ಮನ್ನು ಕರೆದು, ಮುಂಬಯಿಯಲ್ಲಿ ಬಾಳುವ ನಮ್ಮವರಿಗೆ ಉಪಯೋಗಕ್ಕೆ ಬರುವಂಥ ಏನಾದರೂ ಹೇಳಬೇಕೆಂದರು. ಪೋಲೀಸು ಮತ್ತು ಅಗ್ನಿಶಾಮಕ ದಳಗಳ ತಪಾಸಣೆಯ ವಿಷಯ ಹೇಳುತ್ತೇವೆಂದೆವು. ಅವರು ಕೊಂಚ ಹೊತ್ತು ಸುಮ್ಮನಿದ್ದು, "ಆಗಲಿ, ಆದರೆ ಊಟಕ್ಕೆ ಮೊದಲೇ ಮುಗಿಯಬೇಕು" ಎಂದರು. ಮುಗಿಸುತ್ತೇವೆ.

ಈ ವಿಷಯ ಪರವೂರಿನಲ್ಲಿರುವವರಿಗೇ ಹೆಚ್ಚು ಬೇಕಾದದ್ದೆಂದು ನಾವು ಬಗೆದಿದ್ದೇವೆ. ಊರಲ್ಲಿದ್ದವನಿಗೆ ಒಂದು ಕಷ್ಟ ಬಂದರೆ ಕೂಗಳತೆಯಲ್ಲಿ ನಾಲ್ಕು ಜನ ಇರುತ್ತಾರೆ. ಠಾಣೆಗೆ ಹೋಗಬೇಕಾದರೆ ಜೊತೆಗೆ ಬರಲು ಶಾಲೆಯ ಮಾಸ್ತರರೋ, ಪಂಚಾಯತಿಯವರೋ, ಫೌಜದಾರರ ಪರಿಚಯವಿರುವ ದೂರದ ಮಾವನೋ ಸಿಕ್ಕುತ್ತಾನೆ. ಹೊಟ್ಟೆಪಾಡಿಗೆ ಇಲ್ಲಿಗೆ ಬಂದವನಿಗೆ ಅಂಥ ಮಾವಂದಿರಿಲ್ಲ. ಖೋಲಿಯಲ್ಲಿ ಕಳವಾದರೆ, ರೈಲಿನಲ್ಲಿ ಜೇಬು ಹೋದರೆ, ಆಗತಾನೆ ಕಲಿತ ಮರಾಠಿಯಲ್ಲಿ ತಡವರಿಸುತ್ತ ಠಾಣೆಯ ಮೆಟ್ಟಿಲು ಹತ್ತಬೇಕು. ಅಲ್ಲಿ ಕುಳಿತ ಹವಾಲ್ದಾರ ಬರೆದುಕೊಂಡರೆ ಉಂಟು, ಬರೆದುಕೊಳ್ಳದಿದ್ದರೆ ಇಲ್ಲ. ಬೆಂಕಿಯ ಮಾತಂತೂ ಇನ್ನೂ ಹತ್ತಿರದ್ದು. ನಮ್ಮವರಲ್ಲಿ ಎಷ್ಟೋ ಮಂದಿ ಹೊಟೇಲಿನ ಒಲೆಯ ಮುಂದೆ ಹಗಲು ಕಳೆದು, ಅದೇ ಹೊಟೇಲಿನ ಅಟ್ಟದಲ್ಲಿ ರಾತ್ರಿ ಮಲಗಿ ದೊಡ್ಡವರಾದವರು. ಕೆಳಗೆ ಗ್ಯಾಸಿನ ಸಿಲಿಂಡರು, ಮುಂದೆ ಹೊರಗಿನಿಂದ ಬೀಗ ಹಾಕಿದ ಕಬ್ಬಿಣದ ಷಟರು. ಇಂದಿಗೂ ಹಾಗೆ ಮಲಗುವ ಹುಡುಗರಿದ್ದಾರೆ. ಪರಿಚಯದ ಬಲ ಇಲ್ಲದವನು ಸಂಸ್ಥೆಯ ಬಲವನ್ನೇ ನೆಚ್ಚಿಕೊಂಡಿರಬೇಕು. ಆ ಸಂಸ್ಥೆ ಗಟ್ಟಿಯಾಗಿದೆಯೋ ಟೊಳ್ಳಾಗಿದೆಯೋ ಎಂದು ಅವನಿಗೆ ಹೇಳುವವರು ಯಾರು?

ತಪಾಸಣೆ ಎಂದರೇನೆಂಬುದನ್ನು ಮೊದಲು ಬಿಡಿಸಿ ಹೇಳಬೇಕು. ಪೇದೆಯೊಬ್ಬ ಲಂಚ ಕೇಳಿದ, ಠಾಣೆಯಲ್ಲಿ ಒಬ್ಬನನ್ನು ಹೊಡೆದರು ಎಂದರೆ ಅದಕ್ಕೆ ದೂರು ಮತ್ತು ವಿಚಾರಣೆ. ಕಟ್ಟಡ ಉರಿದು ಹತ್ತು ಜನ ಸತ್ತ ಮೇಲೆ ನ್ಯಾಯಮೂರ್ತಿಯೊಬ್ಬರನ್ನು ನೇಮಿಸಿದರೆ ಅದು ತನಿಖಾ ಆಯೋಗ. ಇವೆರಡೂ ಆದ ಮೇಲಿನ ಕೆಲಸಗಳು. ತಪಾಸಣೆಯೆಂಬುದು ಏನೂ ಆಗದಿರುವಾಗಲೇ, ಯಾವುದೋ ಒಂದು ಸಾಮಾನ್ಯ ಮಂಗಳವಾರದ ದಿನ ಹೋಗಿ ನೋಡುವುದು: ಕರೆ ಬಂದ ಎಷ್ಟು ನಿಮಿಷಕ್ಕೆ ಬಂಬು ಹೊರಡುತ್ತದೆ, ಏಣಿ ಎಷ್ಟನೆಯ ಅಂತಸ್ತಿನವರೆಗೆ ಮುಟ್ಟುತ್ತದೆ, ನಿನ್ನೆ ಅಳುತ್ತ ಬಂದ ಹೆಂಗಸಿನ ದೂರು ದಫ್ತರಿನಲ್ಲಿ ಇದೆಯೋ ಇಲ್ಲವೋ ಎಂದು. ನೋಡುವವರು ಯಾರು ಎಂಬುದು ಇನ್ನೊಂದು ಪ್ರಶ್ನೆ, ನಮ್ಮ ದೃಷ್ಟಿಯಲ್ಲಿ ಅದೇ ಮುಖ್ಯ ಪ್ರಶ್ನೆ. ಇಲಾಖೆಯೇ ತನ್ನನ್ನು ನೋಡಿಕೊಂಡರೆ ಹೆತ್ತವರಿಗೆ ಹೆಗ್ಗಣ ಮುದ್ದು. ಮಂತ್ರಿಗಳು ನೋಡೋಣವೆಂದರೆ, ನಾಳೆ ವಿಧಾನಸಭೆಯಲ್ಲಿ ಅದೇ ಇಲಾಖೆಯ ಪರವಾಗಿ ಉತ್ತರ ಕೊಡಬೇಕಾದವರು ಅವರೇ. ಆದ್ದರಿಂದ ಇಬ್ಬರ ಕೈಕೆಳಗೂ ಇಲ್ಲದ ಮೂರನೆಯವರು ಬೇಕು, ಮತ್ತು ಅವರು ಕಂಡದ್ದು ಅಚ್ಚಾಗಿ ಜನರ ಕೈಗೆ ಬರಬೇಕು.

ಇಂಥ ಏರ್ಪಾಡು ಬಹುಕಾಲದಿಂದ ನಡೆದುಬಂದಿರುವುದು ಇಂಗ್ಲೆಂಡು ಮತ್ತು ವೇಲ್ಸುಗಳಲ್ಲಿ. ಅಲ್ಲಿಯ ಕಥೆಯನ್ನು ತುಸು ವಿಸ್ತಾರವಾಗಿಯೇ ಹೇಳುತ್ತೇವೆ. ಅಲ್ಲಿ ಎಲ್ಲವೂ ಚೆನ್ನಾಗಿದೆಯೆಂದಲ್ಲ. ನಮ್ಮ ಪೋಲೀಸಿನ ಚೌಕಟ್ಟನ್ನು ಕಟ್ಟಿದವರು ಆ ಜನವೇ. ಆದರೆ ಅಲ್ಲಿ ಅದಕ್ಕೆ ತೊಡಿಸಿದ ಕಡಿವಾಣ ಇಲ್ಲಿಗೆ ಬರುವಾಗ ಹಡಗಿನಲ್ಲೇ ಉಳಿದುಬಿಟ್ಟಿತು.

ರಾಬರ್ಟ್ ಪೀಲ್ ಗೃಹಮಂತ್ರಿಯಾಗಿದ್ದಾಗ 1829ರಲ್ಲಿ ಲಂಡನ್ನಿಗೆ ಮೆಟ್ರೊಪಾಲಿಟನ್ ಪೋಲೀಸನ್ನು ಸ್ಥಾಪಿಸಿದ್ದು ನಿಮಗೆ ಗೊತ್ತಿರಬಹುದು. ಹೊರಗಿನ ಕೌಂಟಿಗಳಲ್ಲಿ ಮಾತ್ರ ಪೋಲೀಸು ಇಟ್ಟರೆ ಇಟ್ಟರು, ಬಿಟ್ಟರೆ ಬಿಟ್ಟರು ಎಂಬಂತಿತ್ತು. 1856ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿ ಪ್ರತಿ ಕೌಂಟಿಯೂ ಪೋಲೀಸು ದಳ ಇಡಲೇಬೇಕೆಂದು ಗೊತ್ತುಪಡಿಸಿತು. ಆದರೆ ಅದನ್ನು ಲಂಡನ್ನಿನ ಸರಕಾರದ ಕೈಗೆ ಒಪ್ಪಿಸಲಿಲ್ಲ. ಊರಿನ ಪೋಲೀಸು ಊರಿನವರ ಕೈಯಲ್ಲೇ ಉಳಿಯಿತು. ಅದರ ಬದಲು ರಾಣಿಯ ಹೆಸರಿನಲ್ಲಿ ಮೂವರು ಇನ್‌ಸ್ಪೆಕ್ಟರುಗಳನ್ನು ನೇಮಿಸಿದರು. ಅವರಿಗೆ ಒಬ್ಬ ಪೇದೆಗೂ ಹುಕುಂ ಕೊಡುವ ಅಧಿಕಾರವಿರಲಿಲ್ಲ. ಊರೂರಿಗೆ ಹೋಗುವುದು, ನೋಡುವುದು, "ದಕ್ಷವಾಗಿದೆ" ಅಥವಾ "ದಕ್ಷವಾಗಿಲ್ಲ" ಎಂದು ಬರೆಯುವುದು, ಇಷ್ಟೇ ಕೆಲಸ. ಅದರಲ್ಲೇನು ಬಲ ಎನ್ನುತ್ತೀರೋ? ದಕ್ಷವೆಂದು ಬರೆಸಿಕೊಂಡ ದಳಕ್ಕೆ ಸಂಬಳ ಮತ್ತು ಉಡುಪಿನ ಖರ್ಚಿನಲ್ಲಿ ಕಾಲು ಪಾಲನ್ನು ಖಜಾನೆ ಕೊಡುತ್ತಿತ್ತು. 1874ರಲ್ಲಿ ಅದು ಅರ್ಧಕ್ಕೇರಿತು. ಐದು ಸಾವಿರಕ್ಕಿಂತ ಕಡಿಮೆ ಜನವಸತಿಯಿದ್ದು ತನ್ನದೇ ಬೇರೆ ಪೋಲೀಸು ಬೇಕೆಂದು ಹಟಹಿಡಿದ ಊರುಗಳಿಗೆ ಕಾಸೂ ಇಲ್ಲ. ಹಣದ ಮಾತು ಬಂದಾಗ ಎದ್ದು ಕೂರದ ಪುರಸಭೆ ಭೂಮಿಯ ಮೇಲೆ ಇದೆಯೆ?

ಆ ಕಾಲದ ತಪಾಸಣೆಯನ್ನು ನಾವು ಹೆಚ್ಚು ಹೊಗಳಲಾರೆವು. ಎಷ್ಟು ತಲೆ, ಎಷ್ಟು ಕೋಣೆ, ಎಷ್ಟು ಜೊತೆ ಬೂಟು ಎಂಬ ಎಣಿಕೆಯ ಪಾಲೇ ಅದರಲ್ಲಿ ದೊಡ್ಡದು. ನಮ್ಮ ಹಳ್ಳಿಯ ಶಾಲೆಗಳಿಗೆ ಇನ್‌ಸ್ಪೆಕ್ಟರು ಬರುವಾಗ ಏನೇನು ನಡೆಯುತ್ತಿತ್ತೆಂಬುದು ಇಲ್ಲಿ ಕುಳಿತ ಹಿರಿಯರಿಗೆ ನೆನಪಿದ್ದೀತು. ಹಿಂದಿನ ದಿನ ಗೋಡೆಗೆ ಸುಣ್ಣ, ಅಂಗಳಕ್ಕೆ ಸೆಗಣಿಯ ಸಾರಣೆ, ಬಾಗಿಲಿಗೆ ತೋರಣ. ಚುರುಕಾದ ಹುಡುಗರು ಮುಂದಿನ ಸಾಲಿಗೆ, ಉಳಿದವರು ಹಿಂದಕ್ಕೆ. ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಉತ್ತರ ಮೊದಲೇ ಬಾಯಿಪಾಠ. ಸಾಹೇಬರು ಎಳನೀರು ಕುಡಿದು "ಸಮಾಧಾನಕರ" ಎಂದು ಷರಾ ಬರೆದು ಹೊರಟರೆ ಮರುದಿನದಿಂದ ಶಾಲೆ ಯಥಾಪ್ರಕಾರ. ಹೇಳಿ ಬರುವ ತಪಾಸಣೆಯ ಹಣೆಬರಹ ಎಲ್ಲ ದೇಶಗಳಲ್ಲಿಯೂ ಹೆಚ್ಚುಕಡಿಮೆ ಇದೇ. ಇನ್ನು ಲಂಡನ್ನಿನ ದೊಡ್ಡ ಪೋಲೀಸಂತೂ ಗೃಹಮಂತ್ರಿಯ ನೇರ ಕೈಕೆಳಗಿದ್ದುದರಿಂದ ಬಹುಕಾಲ ಈ ತಪಾಸಣೆಯ ಬೇಲಿಯಿಂದ ಹೊರಗೇ ಇತ್ತು. ಮಂತ್ರಿಗೆ ಹತ್ತಿರವಾದಷ್ಟೂ ಪರೀಕ್ಷೆ ದೂರ.

ಹಲ್ಲು ಮೂಡಿದ್ದು ನಿಧಾನವಾಗಿ. ಪಾರ್ಲಿಮೆಂಟಿಗೆ ವರ್ಷಕ್ಕೊಂದು ವರದಿ ಮೊದಲಿನಿಂದಲೂ ಹೋಗುತ್ತಿತ್ತು. ಆದರೆ ಒಂದೊಂದು ದಳದ ಬಗ್ಗೆ ಬರೆದದ್ದನ್ನು ಆ ಊರಿನ ಜನ ಓದುವಂತಾದದ್ದು 1990ರ ಸುಮಾರಿಗೆ. ಇನ್ನೊಂದು ಕೊರತೆಯೂ ಇತ್ತು. ಮುಖ್ಯ ತಪಾಸಣಾಧಿಕಾರಿಯಾಗುತ್ತಿದ್ದವರು ನಿನ್ನೆಯವರೆಗೆ ಪೋಲೀಸು ಮುಖ್ಯಸ್ಥರಾಗಿದ್ದವರೇ. ಜೊತೆಗೆ ಕೂತು ಉಂಡವರ ತಟ್ಟೆಯಲ್ಲಿ ಕಲ್ಲು ಹುಡುಕುವುದು ಯಾರಿಗೂ ಸುಲಭವಲ್ಲ. 2012ರಲ್ಲಿ ಮೊದಲ ಬಾರಿಗೆ ಪೋಲೀಸಿನವರಲ್ಲದ ಒಬ್ಬ ವಕೀಲರು, ಟಾಮ್ ವಿನ್ಸರ್ ಎಂಬುವರು, ಆ ಪೀಠಕ್ಕೆ ಬಂದರು. ರೈಲ್ವೆ ಕಂಪನಿಗಳನ್ನು ನಿಯಂತ್ರಿಸುವ ಹುದ್ದೆಯಲ್ಲಿ ಇದ್ದವರು. ಪೋಲೀಸು ವಲಯದಲ್ಲಿ ಗೊಣಗಾಟ ಬೇಕಾದಷ್ಟಾಯಿತು. ಅವರು ಸುಮಾರು ಹತ್ತು ವರ್ಷ ಇದ್ದು ಹೋದ ಮೇಲೆ, 2022ರಲ್ಲಿ ಆ ಜಾಗಕ್ಕೆ ಮತ್ತೆ ಪೋಲೀಸು ಮುಖ್ಯಸ್ಥರಾಗಿದ್ದವರೊಬ್ಬರೇ ಬಂದರು. ಕಸುಬು ಬಲ್ಲವನು ಲೇಸೋ, ಕಸುಬಿನ ಹೊರಗಿನವನು ಲೇಸೋ? ಆ ವಾದ ಅಲ್ಲಿಯೂ ತೀರಿಲ್ಲ. ನಮಗೇನೋ, ಮಂಡಲಿಯಲ್ಲಿ ಇಬ್ಬರೂ ಇರಲಿ, ಆದರೆ ಮೇಲಿನ ಕುರ್ಚಿಯಲ್ಲಿ ಹೊರಗಿನವನಿರಲಿ ಎನಿಸುತ್ತದೆ.

ಈಗಿನ ಪದ್ಧತಿ ಹೀಗಿದೆ. ಇಂಗ್ಲೆಂಡು ಮತ್ತು ವೇಲ್ಸಿನ 43 ಪೋಲೀಸು ದಳಗಳನ್ನೂ ತಪಾಸಣಾ ಮಂಡಲಿ ಸರದಿಯ ಮೇಲೆ ನೋಡುತ್ತದೆ. ಕೆಲಸ ಫಲಕಾರಿಯೆ, ಖರ್ಚಿಗೆ ತಕ್ಕ ಕೆಲಸವೆ, ಜನರೊಡನೆ ನಡೆದುಕೊಳ್ಳುವ ರೀತಿ ನ್ಯಾಯವೆ ಎಂದು ಮೂರು ಮುಖದಿಂದ ಕೇಳುತ್ತದೆ. 2014ರಲ್ಲಿ ಆರಂಭವಾದ ಈ ಕ್ರಮದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ "ಪೀಲ್" ಎಂದಾಗುತ್ತದೆ. ಹಳೆಯ ಗೃಹಮಂತ್ರಿಗೆ ಸಲ್ಲಿಸಿದ ಗೌರವ. ಶಾಲೆಯ ಮಕ್ಕಳಿಗೆ ಕೊಡುವಂತೆ "ಅತ್ಯುತ್ತಮ"ದಿಂದ "ಸಾಲದು" ಎನ್ನುವವರೆಗೆ ದರ್ಜೆಗಳುಂಟು. ವರದಿ ಎಲ್ಲರಿಗೂ ತೆರೆದದ್ದು. ಅದು ಹೊರಬಿದ್ದ 56 ದಿನಗಳೊಳಗಾಗಿ ಆ ದಳದ ಮೇಲ್ವಿಚಾರಣೆಗೆ ಜನರೇ ಆರಿಸಿದ ಪ್ರತಿನಿಧಿ ತನ್ನ ಉತ್ತರವನ್ನು ಪ್ರಕಟಿಸಬೇಕು. ಪೋಲೀಸು ಕೋಣೆಗಳಲ್ಲಿ ಇಟ್ಟವರನ್ನು ಹೇಗೆ ನೋಡಿಕೊಳ್ಳುತ್ತಾರೆಂದು ತಿಳಿಯಲು ಮುನ್ಸೂಚನೆ ಕೊಡದೆ ಹೋಗುವುದೂ ಉಂಟು. ಆಗ ತೋರಣ ಕಟ್ಟಲು ಪುರಸತ್ತಿರುವುದಿಲ್ಲ.

ಇದರಿಂದ ಸಾಮಾನ್ಯನಿಗೆ ಬಂದ ಲಾಭವೇನು? 2014ರಲ್ಲಿ ಆ ಮಂಡಲಿ ಒಂದು ಸರಳವಾದ ಕೆಲಸ ಮಾಡಿತು. ಜನ ದೂರವಾಣಿಯಲ್ಲಿಯೂ ಠಾಣೆಯಲ್ಲಿಯೂ ಹೇಳಿಕೊಂಡ ಸಾವಿರಾರು ಸಂಗತಿಗಳನ್ನು ತೆಗೆದುಕೊಂಡು, ಅವು ಅಪರಾಧವೆಂದು ದಫ್ತರಿನಲ್ಲಿ ದಾಖಲಾದವೋ ಇಲ್ಲವೋ ಎಂದು ತಾಳೆ ನೋಡಿತು. ನೂರರಲ್ಲಿ 19 ದಾಖಲಾಗಿರಲೇ ಇಲ್ಲ! ವರ್ಷಕ್ಕೆ ಎಂಟು ಲಕ್ಷಕ್ಕೂ ಮೇಲ್ಪಟ್ಟ ಅಪರಾಧಗಳು ಹಾಗೆ ಗಾಳಿಗೆ ಹೋಗುತ್ತಿದ್ದವೆಂದು ಅಂದಾಜು ಮಾಡಿದರು. ಲೈಂಗಿಕ ಅಪರಾಧಗಳಲ್ಲಿ ಈ ಲೋಪ ನೂರಕ್ಕೆ 26, ಹೊಡೆದಾಟ ಬಡಿದಾಟಗಳಲ್ಲಿ 33. ತೀರ ಪೆಟ್ಟು ತಿಂದವರ ಮಾತೇ ಕಾಗದದ ಮೇಲೆ ಬಂದಿರಲಿಲ್ಲ. ಆಮೇಲೆ ದಳದಿಂದ ದಳಕ್ಕೆ ಇದೇ ಪರೀಕ್ಷೆ ಮತ್ತೆ ಮತ್ತೆ ನಡೆಯಿತು. ಕೆಲವು ವರ್ಷಗಳಲ್ಲಿ ನೂರಕ್ಕೆ ತೊಂಬತ್ತನ್ನು ಮೀರಿ ದಾಖಲಾಗುವಂತಾಯಿತು. ಇಲ್ಲೊಂದು ತಮಾಷೆಯುಂಟು. ಬರೆಯುವುದು ನೆಟ್ಟಗಾದೊಡನೆ ಅಪರಾಧದ ಲೆಕ್ಕ ಏರಿತು. ಮೇಲುನೋಟಕ್ಕೆ ದೇಶ ಕೆಟ್ಟಿತೆಂದು ಕಾಣುತ್ತದೆ. ಕೆಟ್ಟದ್ದು ಮೊದಲೇ, ಕಂಡದ್ದು ಈಗ. ಪ್ರಾಮಾಣಿಕನಾದ ಅಧಿಕಾರಿಯೊಬ್ಬ ಬಂದು ಎಲ್ಲ ಫಿರ್ಯಾದುಗಳನ್ನೂ ಬರೆಸಿಕೊಂಡರೆ "ಇವನ ಕಾಲದಲ್ಲಿ ಕಳವು ಹೆಚ್ಚಿತು" ಎಂಬ ಅಪವಾದ ಅವನ ತಲೆಗೇ ಬರುವುದುಂಟಲ್ಲ? ಹೊರಗಿನವನೊಬ್ಬ ಇದ್ದರೆ, ಏರಿದ್ದು ಕಳ್ಳತನವಲ್ಲ, ಬರಹ ಎಂದು ಸಾಕ್ಷಿ ನುಡಿಯುತ್ತಾನೆ.

ಮ್ಯಾಂಚೆಸ್ಟರಿನದು ಇನ್ನೂ ಕಟುವಾದ ಪ್ರಸಂಗ. ಗ್ರೇಟರ್ ಮ್ಯಾಂಚೆಸ್ಟರ್ ಪೋಲೀಸು 2020ರ ಜೂನಿಗೆ ಮುಗಿದ ಒಂದು ವರ್ಷದಲ್ಲಿ ಸುಮಾರು 80,000 ಅಪರಾಧಗಳನ್ನು ದಾಖಲು ಮಾಡಿಕೊಂಡಿರಲಿಲ್ಲವೆಂದು ಅದೇ ಡಿಸೆಂಬರಿನಲ್ಲಿ ಮಂಡಲಿ ಬರೆಯಿತು. ಐದರಲ್ಲಿ ಒಂದು ಮಾಯ. ಕೆಲವೇ ದಿನಗಳಲ್ಲಿ ಆ ದಳದ ಮುಖ್ಯಸ್ಥರು ಹುದ್ದೆ ಬಿಟ್ಟರು; ದಳವನ್ನು ವಿಶೇಷ ನಿಗಾದಲ್ಲಿ ಇಟ್ಟು, ಸುಧಾರಿಸಿದೆಯೆಂದು ಕಂಡ ಮೇಲೆ 2022ರಲ್ಲಿ ಬಿಟ್ಟರು. ಅದೇ 2022ರ ಜೂನಿನಲ್ಲಿ ಲಂಡನ್ನಿನ ಮೆಟ್ರೊಪಾಲಿಟನ್ ಪೋಲೀಸಿಗೂ ಆ ಗತಿ ಬಂತು, 2025ರ ಜನವರಿಯವರೆಗೆ. ತಪಾಸಣೆಯ ಹೊರಗೇ ದರ್ಬಾರು ಮಾಡಿದ್ದ ದಳ ಅದು ಎಂಬುದು ನಿಮಗೆ ನೆನಪಿರಲಿ. ಈ ಯಾವುದರಲ್ಲಿಯೂ ಮಂಡಲಿ ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ, ತೆಗೆಯುವ ಅಧಿಕಾರವೂ ಅದಕ್ಕಿಲ್ಲ. ಬರೆದು ಎಲ್ಲರೆದುರಿಗೆ ಇಟ್ಟಿತು, ಅಷ್ಟೆ.

ಇನ್ನು ಬೆಂಕಿಯ ಮಾತು. ಲಂಡನ್ನಿನ ಕ್ಯಾಂಬರ್‌ವೆಲ್ ಎಂಬಲ್ಲಿ ಲಕನಾಲ್ ಹೌಸ್ ಎಂಬ ಬಹುಮಹಡಿಯ ಕಟ್ಟಡವಿದೆ. 2009ರ ಜುಲೈ 3ರಂದು ಅಲ್ಲಿ ಬೆಂಕಿ ಹತ್ತಿ ಆರು ಜನ ಸತ್ತರು, ಅವರಲ್ಲಿ ಮೂವರು ಮಕ್ಕಳು. ಎತ್ತರದ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಬೇರೆ ಮನೆಯವರು ತಂತಮ್ಮ ಮನೆಯೊಳಗೇ ಇರಲಿ, ಗೋಡೆಗಳು ಬೆಂಕಿಯನ್ನು ತಡೆಯುತ್ತವೆ ಎಂಬುದು ಅಲ್ಲಿಯ ರೂಢಿಯ ಸಲಹೆ. ಗೋಡೆ ತಡೆಯದಿದ್ದರೆ? ಆ ಸಾವುಗಳ ವಿಚಾರಣೆ ಮಾಡಿದ ಅಧಿಕಾರಿಣಿ 2013ರಲ್ಲಿ ಅಗ್ನಿಶಾಮಕ ದಳಕ್ಕೂ ಸರಕಾರಕ್ಕೂ ಸಲಹೆಗಳನ್ನು ಬರೆದು ಕಳಿಸಿದರು. ಕಾಗದ ತಲುಪಿತು. ಆಮೇಲೆ ಅದನ್ನು ಪಾಲಿಸಿದರೋ ಇಲ್ಲವೋ ಎಂದು ಹೋಗಿ ನೋಡುವುದು ಯಾರ ಕೆಲಸವೂ ಆಗಿರಲಿಲ್ಲ. ಪೋಲೀಸಿಗೆ ತಪಾಸಣಾ ಮಂಡಲಿಯಿತ್ತು. ಅಗ್ನಿಶಾಮಕ ದಳಗಳನ್ನು ಕ್ರಮವಾಗಿ ಹೊರಗಿನಿಂದ ನೋಡುವ ಪದ್ಧತಿ ಇಂಗ್ಲೆಂಡಿನಲ್ಲಿ ಹಲವು ವರ್ಷಗಳಿಂದ ನಿಂತೇಹೋಗಿತ್ತು.

2017ರ ಜೂನ್ 14ರ ರಾತ್ರಿ ಅದೇ ಲಂಡನ್ನಿನ ಗ್ರೆನ್‌ಫೆಲ್ ಟವರಿನ ಒಂದು ಮನೆಯಿಂದ ಮೊದಲ ಕರೆ ಬಂದಾಗ ಗಂಟೆ 12-54. ಹೊರಮೈಗೆ ಹೊದಿಸಿದ್ದ ಹಲಗೆಗಳ ಮೇಲೆ ಬೆಂಕಿ ಬಳ್ಳಿಯಂತೆ ಹಬ್ಬಿ 24 ಅಂತಸ್ತಿನ ಕಟ್ಟಡದ ತುದಿ ಮುಟ್ಟಿತು. ಒಳಗಿದ್ದವರು ದೂರವಾಣಿಯಲ್ಲಿ ಕೇಳಿದರೆ "ಮನೆಯಲ್ಲೇ ಇರಿ" ಎಂಬ ಉತ್ತರ. ಆ ಸಲಹೆಯನ್ನು ಪೂರ್ತಿಯಾಗಿ ಹಿಂತೆಗೆದದ್ದು ರಾತ್ರಿ ಎರಡೂಮುಕ್ಕಾಲರ ಸುಮಾರಿಗೆ. 72 ಜನ ಸತ್ತರು. ಆ ಕಟ್ಟಡದಲ್ಲಿ ನಮ್ಮಂತೆಯೇ ಹೊಟ್ಟೆಪಾಡಿಗೆ ಹೊರದೇಶಗಳಿಂದ ಬಂದ ಕುಟುಂಬಗಳು ಎಷ್ಟೋ ಇದ್ದವು. ಬೆಂಕಿಯೊಳಗೆ ನುಗ್ಗಿದ ದಳದವರ ಧೈರ್ಯವನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೆ ಸರ್ ಮಾರ್ಟಿನ್ ಮೂರ್-ಬಿಕ್ ಎಂಬ ನಿವೃತ್ತ ನ್ಯಾಯಾಧೀಶರು 2019ರ ಅಕ್ಟೋಬರಿನಲ್ಲಿ ಕೊಟ್ಟ ವರದಿಯಲ್ಲಿ, ಆ ಸಲಹೆಯನ್ನು ಒಂದು ಗಂಟೆ ಮೊದಲೇ ಹಿಂತೆಗೆಯಬೇಕಿತ್ತು, ಲಕನಾಲಿನ ಪಾಠವನ್ನು ದಳ ಕಲಿತಿರಲಿಲ್ಲ ಎಂದು ಬರೆದರು. ಎಂಟು ವರ್ಷ, ಅದೇ ನಗರ, ಅದೇ ದಳ.

ಅಗ್ನಿಶಾಮಕ ದಳಗಳನ್ನೂ ಪೋಲೀಸು ತಪಾಸಣಾ ಮಂಡಲಿಗೆ ಒಪ್ಪಿಸುವ ಶಾಸನ ಆ ವರ್ಷದ ಜನವರಿಯಲ್ಲೇ ಆಗಿತ್ತು. ಮಂಡಲಿ ಆ ಭಾರ ವಹಿಸಿಕೊಂಡದ್ದು ಜುಲೈಯಲ್ಲಿ. ನಡುವೆ ಬಿದ್ದದ್ದು ಜೂನ್ 14. ತಪಾಸಣೆ ಮೊದಲೇ ಇದ್ದಿದ್ದರೆ ಆ 72 ಜನ ಉಳಿಯುತ್ತಿದ್ದರೆಂದು ನಾವು ಹೇಳುವುದಿಲ್ಲ. ಹೊದಿಕೆಯ ಹಲಗೆ ಮಾರಿದವರ, ಒಪ್ಪಿಗೆ ಕೊಟ್ಟವರ ತಪ್ಪಿನ ಮೂಟೆ ಬೇರೆಯೇ ಇದೆ. ಪಾಠ ಕಲಿತಿಲ್ಲವೆಂಬುದು ಮಾತ್ರ 72 ಹೆಣಗಳಿಗೆ ಮೊದಲೇ ಯಾರಾದರೊಬ್ಬರ ಕಣ್ಣಿಗೆ ಬೀಳಬಹುದಿತ್ತು. 2018ರಿಂದ ಇಂಗ್ಲೆಂಡಿನ ಅಗ್ನಿಶಾಮಕ ದಳಗಳ ತಪಾಸಣೆ ನಡೆದಿದೆ. ಕಟ್ಟಡಗಳಿಗೆ ಹೋಗಿ ಸುರಕ್ಷತೆಯನ್ನು ನೋಡುವ ಸಿಬ್ಬಂದಿಯನ್ನು ಎಷ್ಟೋ ದಳಗಳು ವರ್ಷಗಳಿಂದ ಬರಗೆಡಿಸಿದ್ದವೆಂಬುದು ಮೊದಲ ಸುತ್ತಿನಲ್ಲೇ ಹೊರಬಿತ್ತು. 2019ರ ಡಿಸೆಂಬರಿನಲ್ಲಿ ಲಂಡನ್ ದಳಕ್ಕೆ ಬಂದ ದರ್ಜೆ "ಸುಧಾರಣೆ ಬೇಕು".

ಇನ್ನು ನಮ್ಮ ದೇಶಕ್ಕೆ ಬರೋಣ. ಇಂಗ್ಲೆಂಡಿನಲ್ಲಿ ತಪಾಸಣೆಯ ಕಾಯಿದೆ ಆದ ಐದೇ ವರ್ಷಕ್ಕೆ, 1861ರಲ್ಲಿ, ಇಲ್ಲಿ ಪೋಲೀಸು ಕಾಯಿದೆ ಬಂತು. ನಡುವೆ 1857 ನಡೆದಿತ್ತು. ಆಳುವವರಿಗೆ ಬೇಕಾದದ್ದು ತಮ್ಮ ಮಾತು ಕೇಳುವ ಪೋಲೀಸು, ಪ್ರಜೆಗಳಿಗೆ ಉತ್ತರ ಕೊಡುವ ಪೋಲೀಸಲ್ಲ. ಇನ್‌ಸ್ಪೆಕ್ಟರ್ ಎಂಬ ಶಬ್ದ ಮಾತ್ರ ನಮಗೆ ಧಾರಾಳವಾಗಿ ಬಂತು: ಇನ್‌ಸ್ಪೆಕ್ಟರ್, ಸಬ್-ಇನ್‌ಸ್ಪೆಕ್ಟರ್, ಎಲ್ಲರ ಮೇಲೆ ಇನ್‌ಸ್ಪೆಕ್ಟರ್-ಜನರಲ್. ಎಲ್ಲರೂ ಇಲಾಖೆಯ ಒಳಗಿನವರೇ. ಹೊರಗೆ ನಿಂತು ನೋಡುವವನಿಗೆ 1856ರ ಕಾಯಿದೆ ಕೊಟ್ಟ ಹೆಸರು ನಮ್ಮ ಕಿವಿಯಲ್ಲಿ ಠಾಣೆಯ ಯಜಮಾನನ ಹೆಸರಾಗಿ ಉಳಿಯಿತು.

ಸ್ವಾತಂತ್ರ್ಯ ಬಂದ ಮೂವತ್ತು ವರ್ಷಕ್ಕೆ, 1977ರಲ್ಲಿ, ಧರ್ಮವೀರರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಪೋಲೀಸು ಆಯೋಗ ನೇಮಕವಾಗಿ 1981ರ ಹೊತ್ತಿಗೆ ಎಂಟು ವರದಿ ಕೊಟ್ಟಿತು. ಬಹುಪಾಲು ಕಪಾಟು ಸೇರಿದವು. ಪೋಲೀಸು ಮಹಾನಿರ್ದೇಶಕರಾಗಿದ್ದು ನಿವೃತ್ತರಾದ ಪ್ರಕಾಶ್ ಸಿಂಗರು 1996ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಹತ್ತು ವರ್ಷದ ಮೇಲೆ, 2006ರ ಸೆಪ್ಟೆಂಬರ್ 22ರಂದು ತೀರ್ಪಾಯಿತು. ಪ್ರತಿ ರಾಜ್ಯದಲ್ಲಿಯೂ ಒಂದು ರಾಜ್ಯ ಭದ್ರತಾ ಆಯೋಗವಿರಬೇಕು, ಅದು ಪೋಲೀಸಿನ ಕೆಲಸವನ್ನು ಅಳೆದು ಬರೆದ ವರದಿಯನ್ನು ಶಾಸನಸಭೆಯ ಮುಂದಿಡಬೇಕು. ದೂರುಗಳನ್ನು ಕೇಳಲು ರಾಜ್ಯದಲ್ಲಿಯೂ ಜಿಲ್ಲೆಗಳಲ್ಲಿಯೂ ಪ್ರಾಧಿಕಾರಗಳಿರಬೇಕು. ಹೀಗೆ ಏಳು ಆದೇಶಗಳು. ಇದೇ ನಮ್ಮ ದೇಶದಲ್ಲಿ ಹೊರಗಿನ ತಪಾಸಣೆಗೆ ತೀರ ಹತ್ತಿರ ಬಂದ ಮಾತು. ಆದರೆ ಆಯೋಗದ ಅಧ್ಯಕ್ಷರು ಮುಖ್ಯಮಂತ್ರಿಗಳು ಅಥವಾ ಗೃಹಮಂತ್ರಿಗಳು. ಮಂತ್ರಿಗಳು ಇರಲೇಬಾರದೆಂದು ನಾವು ಹೇಳುವುದಿಲ್ಲ. ಅವರೇ ಪರೀಕ್ಷಕರ ಪೀಠದಲ್ಲಿ ಕೂತರೆ ಉತ್ತರಪತ್ರಿಕೆ ಯಾರದು? ರಾಜ್ಯಗಳು ಆಯೋಗವನ್ನು ಹೆಸರಿಗೆ ಸ್ಥಾಪಿಸಿದವು, ತಮಗೆ ಬೇಕಾದಂತೆ ಕಾಯಿದೆ ತಿದ್ದಿಕೊಂಡವು. ನಮ್ಮ ಕರ್ನಾಟಕವೂ ಮಹಾರಾಷ್ಟ್ರವೂ ಕಾಯಿದೆ ತಿದ್ದಿದವುಗಳಲ್ಲಿ ಸೇರಿವೆ. ಪ್ರತಿಯೊಂದು ಜಿಲ್ಲೆಯ ಪೋಲೀಸನ್ನೂ ಸರದಿಯಿಂದ ನೋಡಿ, ದರ್ಜೆ ಕೊಟ್ಟು, ವರದಿಯನ್ನು ಆ ಜಿಲ್ಲೆಯವನ ಕೈಗಿಡುವ ಶಾಶ್ವತ ಸಂಸ್ಥೆ ಮಾತ್ರ ಹುಟ್ಟಲಿಲ್ಲ. ಮಹಾಲೇಖಪಾಲರು ಒಮ್ಮೊಮ್ಮೆ ಲೆಕ್ಕದ ಕಣ್ಣಿನಿಂದ ನೋಡಿ ಬರೆಯುತ್ತಾರೆ. ಅವು ಬೆಲೆಯುಳ್ಳ ವರದಿಗಳು, ಓದುವವರು ಕಡಿಮೆ. ಗುರುತರವಾದ ಅಪರಾಧದ ಸುದ್ದಿ ಕೊಟ್ಟರೆ ಎಫ್.ಐ.ಆರ್. ಬರೆಯಲೇಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದೆ. ಯಾವ ಠಾಣೆಯ ಸರಹದ್ದಾದರೂ ಸರಿ, ಬರೆದುಕೊಳ್ಳಬೇಕೆಂದು 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಂಹಿತೆ ಹೇಳುತ್ತದೆ. ಬರೆಯುತ್ತಾರೋ ಇಲ್ಲವೋ ಎಂದು ಮ್ಯಾಂಚೆಸ್ಟರಿನಲ್ಲಿ ಮಾಡಿದಂತೆ ತಾಳೆ ನೋಡುವವರು ಬೇಕಾಗಿದ್ದಾರೆ.

ಮುಂಬಯಿಯವರಿಗೆ ಬೆಂಕಿಯ ಪಾಠವನ್ನು ಲಂಡನ್ನಿನಿಂದ ತರಿಸಬೇಕಾಗಿಲ್ಲ. 1944ರ ಏಪ್ರಿಲ್ 14ರ ಮಧ್ಯಾಹ್ನ ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ಸಿಡಿಯಿತು. ಅದರ ಹೊಟ್ಟೆಯಲ್ಲಿ ಹತ್ತಿಯ ಮೂಟೆಗಳ ಜೊತೆಗೆ ಸಿಡಿಮದ್ದು! ಅಪಾಯದ ಸರಕಿದೆಯೆಂದು ತಿಳಿಸುವ ಕೆಂಪು ಬಾವುಟವನ್ನೂ ಹಾರಿಸಿರಲಿಲ್ಲ. ಆರಿಸಲು ಹೋದ ಬಂಬಖಾನೆಯ 66 ಜನ ಅಲ್ಲಿಯೇ ಮಡಿದರು. ನೂರಾರು ನಾಗರಿಕರು ಸತ್ತರು. ಅವರ ನೆನಪಿಗಾಗಿಯೇ ದೇಶದಲ್ಲೆಲ್ಲ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಹೂಮಾಲೆ ಬೀಳುತ್ತದೆ, ಭಾಷಣವಾಗುತ್ತದೆ. ಸತ್ತ ದಳದವರಿಗೆ ಸಲ್ಲಬೇಕಾದ ಇನ್ನೊಂದು ಗೌರವ, ಅವರನ್ನು ಎಂಥ ಸಲಕರಣೆ ಕೊಟ್ಟು ಎಂಥ ಜಾಗಕ್ಕೆ ಕಳಿಸುತ್ತೇವೆಂದು ಯಾರಾದರೂ ನಿಷ್ಠುರವಾಗಿ ನೋಡುವುದು. ತಪಾಸಣೆ ದಳದವರ ವೈರಿಯಲ್ಲ, ಹರಿದ ಕೊಳವೆಯ ಬಗ್ಗೆ ಅವರು ಹೇಳಲಾರದ್ದನ್ನು ಅದು ಹೇಳುತ್ತದೆ.

2017ರ ಡಿಸೆಂಬರ್ 18ರ ನಸುಕಿನಲ್ಲಿ ಸಾಕಿನಾಕಾದ ಫರಸಾಣದ ಅಂಗಡಿಯೊಂದರಲ್ಲಿ ಮಲಗಿದ್ದ 12 ಕೆಲಸಗಾರರು ಸುಟ್ಟು ಸತ್ತರು. ಹನ್ನೊಂದು ದಿನ ಕಳೆದಿರಲಿಲ್ಲ, 29ರ ನಡುರಾತ್ರಿ ಕಮಲಾ ಮಿಲ್ಲಿನ ಮಾಳಿಗೆಯ ಉಪಾಹಾರಗೃಹಗಳಿಗೆ ಬೆಂಕಿ ಬಿದ್ದು 14 ಜನ ಹೋದರು. ಮುಂದಿನ ಜನವರಿ 8ರಂದು ಬೆಂಗಳೂರಿನ ಕಲಾಸಿಪಾಳ್ಯದಲ್ಲಿ, ದುಡಿಯುವ ಬಾರಿನಲ್ಲೇ ಮಲಗಿದ್ದ ಐದು ಜನ. ಮೂರು ವಾರದೊಳಗೆ ಮೂರು. ಕಮಲಾ ಮಿಲ್ಲಿನದು ಪತ್ರಿಕೆಗಳಲ್ಲಿ ಬಹುದಿನ ನಡೆಯಿತು. ಫರಸಾಣದ ಹುಡುಗರು ಬೇಗ ಮರೆತುಹೋದರು. ನಮಗೆ ಹತ್ತಿರದವರು ಆ ಹುಡುಗರು.

ಕಾನೂನು ಇಲ್ಲವೆಂದಲ್ಲ. ಮಹಾರಾಷ್ಟ್ರದ 2006ರ ಅಗ್ನಿ ತಡೆ ಮತ್ತು ಜೀವ ಸುರಕ್ಷತಾ ಕಾಯಿದೆಯ ಪ್ರಕಾರ ಅದಕ್ಕೊಳಪಟ್ಟ ಕಟ್ಟಡಗಳ ಯಜಮಾನರು, ಸೊಸಾಯಿಟಿಗಳು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈ ತಿಂಗಳಲ್ಲಿ, ಪರವಾನಿಗೆ ಪಡೆದ ಏಜನ್ಸಿಯಿಂದ ತಮ್ಮ ಬೆಂಕಿಯ ಸಲಕರಣೆಗಳು ಸುಸ್ಥಿತಿಯಲ್ಲಿವೆಯೆಂದು "ಬಿ" ನಮೂನೆಯ ಪತ್ರ ತಂದು ಒಪ್ಪಿಸಬೇಕು. ಆ ಏಜನ್ಸಿಯನ್ನು ಆರಿಸುವವರು ಯಾರು? ಕಟ್ಟಡದವರು. ಹಣ ಕೊಡುವವರು? ಅವರೇ. ಕಟುವಾಗಿ ಬರೆದರೆ ಮುಂದಿನ ಜುಲೈಗೆ ಕೆಲಸ ಬೇರೆಯವರಿಗೆ. ಒಳ್ಳೆಯ ಏಜನ್ಸಿಗಳಿದ್ದಾವೆ, ಆದರೆ ಒಳ್ಳೆಯತನವನ್ನೇ ನೆಚ್ಚಿಕೊಂಡ ಪದ್ಧತಿ ಭದ್ರವಲ್ಲ. ದಳದವರು ತಾವೂ ಬಂದು ನೋಡಬಹುದು, ಆದರೆ ಈ ನಗರದ ಕಟ್ಟಡಗಳನ್ನೆಲ್ಲ ನೋಡಲು ಎಷ್ಟು ಕಣ್ಣು ಬೇಕು! ಆ ದಳವನ್ನೇ ನೋಡುವವರ ಮಾತಂತೂ ಬೇರೆ.

ಸಂಘದವರು ಏನು ಮಾಡಬಹುದು? ನಾವು ಶಾಸನ ಮಾಡುವವರಲ್ಲ, ಆದರೆ ಓಟು ಕೇಳಲು ಪ್ರತಿ ಸಲ ಈ ಸಭಾಗೃಹಕ್ಕೇ ಬರುತ್ತಾರಲ್ಲ? ಭದ್ರತಾ ಆಯೋಗದ ಕೊನೆಯ ವರದಿ ಶಾಸನಸಭೆಯ ಮುಂದೆ ಯಾವಾಗ ಬಂತೆಂದು ಅವರನ್ನು ಕೇಳಬಹುದು. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯ ಕೆಳಗೆ ಹತ್ತು ರೂಪಾಯಿಯ ಅರ್ಜಿ ಬರೆಯಬಹುದು. ಇದಕ್ಕಿಂತ ಹತ್ತಿರದ ಕೆಲಸವೂ ಒಂದಿದೆ. ಜನವರಿ ಬರಲು ಇನ್ನು ಎರಡು ತಿಂಗಳು. ನೀವಿರುವ ಸೊಸಾಯಿಟಿಯ "ಬಿ" ನಮೂನೆ ಯಾವ ತಾರೀಖಿನದು, ಕೊಟ್ಟ ಏಜನ್ಸಿ ಯಾವುದು, ನೀರು ಹಾಕಿ ನೋಡಿದರೋ ಕುರ್ಚಿಯಲ್ಲಿ ಕೂತೇ ಬರೆದರೋ ಎಂದು ಕೇಳಬೇಕಾದ ಪ್ರಶ್ನೆಗಳನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಒಂದು ಹಾಳೆಯಲ್ಲಿ ಅಚ್ಚುಹಾಕಿಸಿ ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಮನೆಗೊಂದು ತೆಗೆದುಕೊಂಡು ಹೋಗಿರಿ. ಹೊಟೇಲು ನಡೆಸುವ ಬಂಧುಗಳು ಎರಡು ತೆಗೆದುಕೊಳ್ಳಬೇಕು, ಒಂದನ್ನು ಅಟ್ಟದಲ್ಲಿ ಮಲಗುವ ಹುಡುಗರಿಗೆ ಕೊಡಬೇಕು.